ಆ ಚೌಕಕ್ಕೆ ಟಿಕ್ ಹಾಕುವ ಮುಂಚೆ

ಕಳೆದ ತಿಂಗಳು ಊರಿಗೆ, ಅಂದರೆ ಮಂಗಳೂರಿಗೆ, ಹೋಗಿದ್ದೆ. ಭಾನುವಾರ ಆರಾಧನೆ ಮುಗಿಸಿ ಬೈಕ್ ಹತ್ತುವಷ್ಟರಲ್ಲಿ ನಮ್ಮ ಸಭೆಯ ಯುವಜನ ಸಂಘದ ಕಾರ್ಯದರ್ಶಿ ಓಡಿ ಬಂದ.

"ಅಣ್ಣ, ಬರುವ ಶನಿವಾರ ನಮ್ಮ ಬಿ.ಕಾಂ, ಬಿಬಿಎ ಮಕ್ಕಳಿಗೆ ನೀವು ಒಂದು ಗಂಟೆ ಮಾತಾಡ್ಬೇಕು. ಕೆರಿಯರ್ ಗೈಡೆನ್ಸ್."

"ನಾನು ಇಂಜಿನಿಯರ್ ಮಾರಾಯ. ಡೆಬಿಟ್ ಎಡಕ್ಕಾ ಬಲಕ್ಕಾ ಅಂತ ಈಗಲೂ ಗೂಗಲ್ ಮಾಡಿ ನೋಡ್ತೇನೆ."

"ಪರವಾಗಿಲ್ಲ ಅಣ್ಣ, ನೀವು ಬೆಂಗಳೂರಲ್ಲಿ ಇದ್ದೀರಲ್ಲ."

ಬೆಂಗಳೂರಲ್ಲಿ ಇರುವುದೇ ಒಂದು ಅರ್ಹತೆ! ಒಪ್ಪಿಕೊಂಡೆ. ನಾನು ಬರೆಯುವ ಸಾಫ್ಟ್‌ವೇರ್ ಸಾಲ ಕೊಡುವ, ವಿಮೆ ಮಾರುವ ಕಂಪನಿಗಳಿಗೆ. ಹಾಗಾಗಿ ಕಾಮರ್ಸ್ ಓದಿದವರ ಜೊತೆಗೇ ದಿನವೂ ಕೆಲಸ, ಆ ಲೋಕ ಪೂರ್ತಿ ಹೊಸದೇನಲ್ಲ. ಆದರೆ ಮನೆಗೆ ಬಂದು ಕುಳಿತಾಗ ಹೊಟ್ಟೆಯೊಳಗೆ ಏನೋ ಚುಚ್ಚಿತು. ನಮ್ಮ ಸಭೆಯ ಬಿಬಿಎ ಹುಡುಗಿಯೊಬ್ಬಳಿಗೆ ಹಿಂದೊಮ್ಮೆ ನಾನು ಸಲಹೆ ಕೊಟ್ಟಿದ್ದೆ. ಅದು ಏನಾಯಿತು ಅಂತ ನನಗೆ ಗೊತ್ತಿತ್ತು.

ಅದಕ್ಕೆ ಆಮೇಲೆ ಬರುತ್ತೇನೆ. ಶನಿವಾರ ಇಪ್ಪತ್ತೈದು ಮಕ್ಕಳು ಬಂದಿದ್ದರು. ಶುರುವಿನಲ್ಲೇ ಒಬ್ಬ ಹುಡುಗ ಕೇಳಿದ, "ಅಣ್ಣ, ಬಿಸಿನೆಸ್ ಅಂದ್ರೆ ಸ್ವಲ್ಪ ಸುಳ್ಳು ಇದ್ದೇ ಇರ್ತದೆ ಅಲ್ವಾ? ಮತ್ತೆ ನಮ್ಮಂಥವರು ಯಾಕೆ ಅದಕ್ಕೆ ಹೋಗ್ಬೇಕು, ಟೀಚರ್ ಆದ್ರೆ ಒಳ್ಳೇದಲ್ವಾ?" ಇದು ಅವನ ಸ್ವಂತ ಪ್ರಶ್ನೆಯಲ್ಲ, ಅವನ ಅಜ್ಜಿಯದ್ದಿರಬೇಕು. ನಮ್ಮ ಮನೆಗಳಲ್ಲಿ ಡಾಕ್ಟರ್, ನರ್ಸ್, ಟೀಚರ್ ಆದರೆ ಅದು ಸೇವೆ, ಅಂಗಡಿ ಇಟ್ಟರೆ ಬರೇ ಹೊಟ್ಟೆಪಾಡು ಅನ್ನುವ ಲೆಕ್ಕ ಇನ್ನೂ ಉಂಟು.

ಆದರೆ ನಮ್ಮದೇ ಸಭೆಯ ಚರಿತ್ರೆ ನೋಡಿ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಜಾತಿಯಿಂದ ಹೊರಗೆ ಹಾಕಿದಾಗ ಅವರ ಕಸುಬೂ ಹೋಯಿತು, ಇರುವ ಜಾಗವೂ ಹೋಯಿತು. ಬರೇ ಪ್ರಾರ್ಥನೆಯಿಂದ ಊಟ ಆಗುವುದಿಲ್ಲ ಅಂತ ಮಿಷನ್‌ನವರಿಗೂ ಬೇಗ ಗೊತ್ತಾಯಿತು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಶುರು ಮಾಡಿದ ಹೆಂಚಿನ ಕಾರ್ಖಾನೆ. ವ್ಯಾಪಾರ ನೋಡಿಕೊಳ್ಳಲಿಕ್ಕೆ ಅಂತಲೇ 1859ರಲ್ಲಿ ಬಾಸೆಲ್‌ನಲ್ಲಿ ಬೇರೆ ಕಂಪನಿ ಕಟ್ಟಿದ್ದರು. ನನ್ನ ಅಜ್ಜನ ಅಪ್ಪ ಹೆಂಚಿನ ಕಾರ್ಖಾನೆಯಲ್ಲೇ ದುಡಿದವರು. ಅವರ ಅನ್ನ ಬಂದದ್ದು ಯಾರೋ ಒಬ್ಬ ಗುಮಾಸ್ತ ಸರಿಯಾಗಿ ಲೆಕ್ಕ ಬರೆದದ್ದರಿಂದ. ಇತ್ತ ಕಥೋಲಿಕರು 1912ರಲ್ಲಿ ಸಹಕಾರಿ ಸಂಘ ಕಟ್ಟಿದರು, ಇವತ್ತಿನ ಎಂಸಿಸಿ ಬ್ಯಾಂಕ್ ಅದೇ. ಸತ್ಯವೇದದಲ್ಲೂ ಅಷ್ಟೆ. ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳ ಮನೆಯಲ್ಲೇ ಪೌಲ ಉಳಿದುಕೊಂಡದ್ದು, ಆ ಪೌಲನೂ ಗುಡಾರ ಹೊಲಿದು ಸಂಪಾದಿಸಿದವನು. ಹುಡುಗ ತಲೆ ಆಡಿಸಿದ. ಅಜ್ಜಿಗೆ ಹೇಳಲಿಕ್ಕೆ ಏನೋ ಸಿಕ್ಕಿತು ಅನ್ನುವ ಮುಖ.

ಮುಂದಿನ ಅರ್ಧ ಗಂಟೆ ಎಲ್ಲರೂ ಕೇಳುವ ಪ್ರಶ್ನೆಗಳೇ. ಸಿಎ ಮಾಡಬೇಕಾ, ಎಂಬಿಎ ಮಾಡಬೇಕಾ, ದುಬೈಗೆ ಹೋಗಬೇಕಾ. ದುಬೈಯ ವಿಷಯ ನನಗಿಂತ ಅವರ ಮಾವಂದಿರಿಗೇ ಚೆನ್ನಾಗಿ ಗೊತ್ತು, ಅದನ್ನು ಬಿಟ್ಟೆ. ಸಿಎ ಬಗ್ಗೆ ತುಂಬಾ ಜನರಿಗೆ ಗೊತ್ತಿಲ್ಲದ್ದು ಒಂದುಂಟು. ಬಿ.ಕಾಂನಲ್ಲಿ ಶೇಕಡ 55 ಬಂದರೆ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್ ಮುಂಚೆ ಮೂರು ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ. ಸ್ಟೈಪೆಂಡ್ ಕೈಖರ್ಚಿಗೂ ಸಾಲದು, ಅದನ್ನು ಮನೆಯಲ್ಲಿ ಮೊದಲೇ ಹೇಳಿ ಇಡಿ.

ಎಂಬಿಎ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಮಾತಾಡಿದೆ ಅನ್ನಿಸುತ್ತದೆ. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದೆ. ಶೇಕಡ 11ರ ಬಡ್ಡಿಗೆ 10 ಲಕ್ಷ ಸಾಲ, ಪೂರ್ತಿ ಹಣ ಮೊದಲೇ ತೆಗೆದುಕೊಂಡರೆ ಓದುವ ಎರಡು ವರ್ಷದ ಸಾದಾ ಬಡ್ಡಿಯೇ 2 ಲಕ್ಷದ 20 ಸಾವಿರ. ಅದು ಅಸಲಿಗೆ ಸೇರಿತು. ಈಗ 12 ಲಕ್ಷದ 20 ಸಾವಿರವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 16,800 ರೂಪಾಯಿ ಕಂತು. ಕಾಲೇಜು ಅಷ್ಟೇನೂ ಹೆಸರಿನದ್ದಲ್ಲ, ಮೊದಲ ಸಂಬಳ ಕೈಗೆ 25 ಸಾವಿರ ಬಂತು ಅಂತ ಇಟ್ಟುಕೊಳ್ಳಿ. ಉಳಿದ ಎಂಟು ಸಾವಿರದಲ್ಲಿ ಬೆಂಗಳೂರಿನಲ್ಲಿ ಪಿಜಿ ಬಾಡಿಗೆಯೂ ಆಗುವುದಿಲ್ಲ. ಎರಡು ವರ್ಷ ಎಲ್ಲಾದರೂ ದುಡಿಯಿರಿ, ನಿಮಗೆ ಏನು ಬರುತ್ತದೆ ಅಂತ ನಿಮಗೇ ಗೊತ್ತಾಗಲಿ, ಆಮೇಲೆ ನೋಡಿ ಅಂದೆ. ಹಿಂದೆ ಕುಳಿತಿದ್ದ ಒಂದಿಬ್ಬರು ಅಪ್ಪಂದಿರಿಗೆ ಇಷ್ಟವಾಗಲಿಲ್ಲ.

ಕೈ ತುಂಬಾ ಸಾಲ ಇದ್ದವನಿಗೆ ಕೆಲಸದಲ್ಲಿ 'ಇಲ್ಲ' ಅನ್ನುವುದು ಕಷ್ಟ. ನನಗೆ ಹೇಳಬೇಕಿದ್ದದ್ದು ಅದೇ. ಅಲ್ಲಿಂದಲೇ ನನ್ನ ಚಿಕ್ಕಪ್ಪನ ಮಗಳ ಕಥೆಗೆ ಬಂದೆ. ಅವಳು ಕೊನೆಯ ಸಾಲಿನಲ್ಲೇ ಕುಳಿತಿದ್ದಳು. ಅವಳನ್ನು ಕೇಳಿಯೇ ಅಲ್ಲಿ ಹೇಳಿದ್ದು, ಕೇಳಿಯೇ ಇಲ್ಲಿ ಬರೆಯುತ್ತಿರುವುದು.

ನಾಲ್ಕೈದು ವರ್ಷದ ಹಿಂದೆ ಅವಳು ಬಿಬಿಎ ಮುಗಿಸಿ ಒಂದು ಖಾಸಗಿ ಸಂಸ್ಥೆಗೆ ಸೇರಿದಳು. ಹುದ್ದೆಯ ಹೆಸರಲ್ಲಿ ಮ್ಯಾನೇಜರ್ ಅಂತ ಇತ್ತು, ಕೆಲಸ ವಿಮೆ ಮಾರುವುದು. ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್. ಮೊದಲ ಎರಡು ತಿಂಗಳು ಮನೆಯವರು, ನೆಂಟರು ಅಂತ ಹೇಗೋ ಆಯಿತು. ಮಾರ್ಚ್ ಬಂತು. ಒಂದು ರಾತ್ರಿ ನನಗೆ ಫೋನ್ ಮಾಡಿದಳು.

"ಅಣ್ಣ, ಇವರು ಇದನ್ನು ಎಫ್‌ಡಿ ತರಹ ಅಂತ ಹೇಳಿ ಮಾರಲಿಕ್ಕೆ ಹೇಳ್ತಾರೆ. ಎಫ್‌ಡಿ ಅಲ್ಲ ಅದು. ನಾನೆಂತ ಮಾಡ್ಲಿ?"

ನಾನು ಆಗ ಆಫೀಸಿನಲ್ಲಿದ್ದೆ, ಏನೋ ರಿಲೀಸ್ ಇತ್ತು. "ಎಲ್ಲ ಕಡೆ ಹೀಗೇ ಉಂಟು. ಹೊಸಬಳು ನೀನು, ಒಂದು ವರ್ಷ ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ಆಮೇಲೆ ಬೇರೆ ಕಡೆ ನೋಡುವ" ಅಂದೆ. ಒಂದು ನಿಮಿಷವೂ ಯೋಚಿಸಲಿಲ್ಲ.

ಅವಳು ಅಡ್ಜಸ್ಟ್ ಮಾಡಿಕೊಂಡಳು. ಆ ವಾರ ಹೋದದ್ದು ನಮ್ಮ ಹಳೆಯ ಸಂಡೇ ಸ್ಕೂಲ್ ಟೀಚರ್ ಮನೆಗೆ. ಮದುವೆಯಾಗದೆ ಒಬ್ಬರೇ ಇರುವವರು, ಶಾಲೆಯಿಂದ ನಿವೃತ್ತರಾಗಿ ಬಂದ ಹಣ ಸ್ವಲ್ಪ ಇತ್ತು. "ಟೀಚರ್, ಎರಡು ಲಕ್ಷ ಇಡಿ, ಐದು ವರ್ಷಕ್ಕೆ ಒಳ್ಳೆ ಬಡ್ಡಿ ಬರ್ತದೆ" ಅಂದಳಂತೆ. ಟೀಚರ್ ಕಾಗದ ಓದಲಿಲ್ಲ. ಕಣ್ಣೆದುರು ಬೆಳೆದ ಹುಡುಗಿ, ಕ್ರಿಸ್ಮಸ್ ನಾಟಕದಲ್ಲಿ ದೇವದೂತೆ ಆದವಳು, ಅವಳ ಮೇಲೆ ಎಂತ ಸಂಶಯ? "ಕಂಪನಿಯಿಂದ ಫೋನ್ ಬರ್ತದೆ, ಎಲ್ಲದಕ್ಕೂ ಯೆಸ್ ಅನ್ನಿ ಟೀಚರ್" ಅಂತಲೂ ಹೇಳಿಕೊಟ್ಟಳು. ಅವರು ಅಂದರು.

ಅದು ವರ್ಷಕ್ಕೆ ಎರಡು ಲಕ್ಷದಂತೆ ಐದು ವರ್ಷ ಕಟ್ಟಬೇಕಾದ ಪಾಲಿಸಿ. ಮುಂದಿನ ಮಾರ್ಚ್‌ನಲ್ಲಿ ಕಂತು ಕಟ್ಟಿ ಅಂತ ಮೆಸೇಜ್ ಬಂದಾಗಲೇ ಟೀಚರಿಗೆ ಗೊತ್ತಾದದ್ದು. ಒಂದೇ ಕಂತು ಕಟ್ಟಿ ನಿಲ್ಲಿಸಿದರೆ ಆ ಪಾಲಿಸಿಯಲ್ಲಿ ಕೈಗೆ ಏನೂ ಬರುತ್ತಿರಲಿಲ್ಲ. ಅವರು ಜಗಳ ಮಾಡಲಿಲ್ಲ, ಸಭೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ಭಾನುವಾರ ಇವಳ ಹತ್ತಿರ ಬಂದು ಮೆಲ್ಲನೆ, "ಮಗಾ, ಇದು ಎಂತದ್ದು ನೋಡು, ನಾನೇ ಎಲ್ಲೋ ತಪ್ಪು ತಿಳ್ಕೊಂಡೆ ಕಾಣ್ತದೆ" ಅಂದರಂತೆ.

ಅವರು ನಮಗೆಲ್ಲ ಜಕ್ಕಾಯನ ಕಥೆ ಹೇಳಿಕೊಟ್ಟವರು. ಕುಳ್ಳ ಮನುಷ್ಯ ಮರ ಹತ್ತಿದ್ದು ನಮಗೆ ಚೆನ್ನಾಗಿ ನೆನಪುಂಟು, ಅಭಿನಯ ಮಾಡಿ ಹಾಡಿದ್ದೇವೆ. ಮರದಿಂದ ಇಳಿದ ಮೇಲೆ, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದನಲ್ಲ, ಆ ಭಾಗಕ್ಕೆ ಹಾಡೂ ಇರಲಿಲ್ಲ, ಅಭಿನಯವೂ ಇರಲಿಲ್ಲ.

ಅವಳು ಮೂರು ದಿನ ಊಟ ಬಿಟ್ಟಳು. ನಾಲ್ಕನೇ ದಿನ ಟೀಚರ್ ಮನೆಗೆ ಹೋಗಿ, "ನೀವು ತಪ್ಪು ತಿಳ್ಕೊಂಡದ್ದಲ್ಲ ಟೀಚರ್, ನಾನೇ ಸುಳ್ಳು ಹೇಳಿದ್ದು" ಅಂದಳು. ಆಮೇಲೆ ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿದಳು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಕಳುಹಿಸಿದರು, ಬಂದ ಉತ್ತರ ಉಪಯೋಗಕ್ಕೆ ಬರುವಂಥದ್ದಲ್ಲ. ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ. ಅಲ್ಲಿ ದೂರು ಕೊಡಲಿಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಈ ಓಡಾಟ ಮಾತ್ರ ನಾನು ಮಾಡಿದೆ, ಅಷ್ಟಾದರೂ ಮಾಡಬೇಕಿತ್ತು. ತಿಂಗಳುಗಟ್ಟಲೆ ಆಯಿತು. ಕೊನೆಗೆ ಹಣ ವಾಪಸ್ ಬಂತು, ಬಡ್ಡಿ ಇಲ್ಲದೆ. ಅಷ್ಟರಲ್ಲಿ ಅವಳ ಕೆಲಸ ಹೋಗಿತ್ತು. ತಾನು ಸುಳ್ಳು ಹೇಳಿ ಮಾರಿದೆ ಅಂತ ಬರೆದುಕೊಟ್ಟವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೇಳಿಕೊಟ್ಟ ಮೇಲಿನವರಿಗೆ ಏನೂ ಆಗಲಿಲ್ಲ.

ಇದರಲ್ಲಿ ನನ್ನನ್ನು ಇನ್ನೂ ಕಾಡುವುದು ಬೇರೆ. ಇಂಥದ್ದೇ ಅರ್ಜಿಯ ಪರದೆಯೊಂದನ್ನು ನಾನೇ ಬರೆದಿದ್ದೇನೆ. ಬೇರೆ ಕಂಪನಿಯದ್ದು, ಆದರೆ ಎಲ್ಲ ಒಂದೇ ತರಹ. ಕೊನೆಯಲ್ಲಿ ಒಂದು ಚೌಕ ಇರುತ್ತದೆ. ಗ್ರಾಹಕರಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿದ್ದೇನೆ ಅಂತ ಅದರ ಪಕ್ಕದ ವಾಕ್ಯ. ಟಿಕ್ ಹಾಕದಿದ್ದರೆ ಮುಂದಕ್ಕೆ ಹೋಗುವ ಬಟನ್ ಒತ್ತಲಿಕ್ಕೆ ಆಗುವುದಿಲ್ಲ. ಅದನ್ನು ಕೋಡ್ ಮಾಡಲಿಕ್ಕೆ ನನಗೆ ಹತ್ತು ನಿಮಿಷ ಸಾಕಾಗಿತ್ತು. ಅಂಥ ಚೌಕದ ಎದುರು ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಮಾರ್ಚ್ 28ರ ಸಂಜೆ ಕುಳಿತಿರುತ್ತಾಳೆ, ಹಿಂದೆ ಮ್ಯಾನೇಜರ್ ನಿಂತಿರುತ್ತಾನೆ ಅಂತ ನನ್ನ ತಲೆಗೆ ಬಂದೇ ಇರಲಿಲ್ಲ.

ಮಕ್ಕಳಿಗೆ ಇಷ್ಟು ಹೇಳಿದೆ. ಮನೆಯ ಹಿರಿಯರಿಗೆ ಯಾರಾದರೂ ಪಾಲಿಸಿ ಕೊಟ್ಟಿದ್ದರೆ ಇವತ್ತೇ ತೆಗೆದು ಓದಿ, ಕಂತು ಎಷ್ಟು ವರ್ಷ ಅಂತ ನೋಡಿ. ಬೇಡ ಅನ್ನಿಸಿದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು. ಮುಂಚೆ ಇದು 15 ದಿನ ಇತ್ತು. ಕೆಲಸಕ್ಕೆ ಸೇರುವಾಗ ಸಿಟಿಸಿ ಎಷ್ಟು ಅಂತ ಮಾತ್ರ ಕೇಳಬೇಡಿ, ಅದರಲ್ಲಿ ಎಷ್ಟು ಭಾಗ ಟಾರ್ಗೆಟ್ ಆದರೆ ಮಾತ್ರ ಸಿಗುವುದು ಅಂತ ಕೇಳಿ. ಭಾನುವಾರ ಆರಾಧನೆಗೆ ಹೋಗಬೇಕಿದ್ದರೆ ಅದನ್ನೂ ಸೇರುವ ಮೊದಲೇ ಹೇಳಿ, ಬದಲಿಗೆ ಬೇರೆ ರಜಾದಿನ ಬಂದು ದುಡಿಯಲಿಕ್ಕೆ ತಯಾರಿರಿ. ಸೇರಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ದಶಮಾಂಶ ಕೈಗೆ ಬಂದ ಸಂಬಳದ ಮೇಲಾ, ಒಟ್ಟು ಸಂಬಳದ ಮೇಲಾ ಅಂತ ಒಬ್ಬ ಕೇಳಿದ. ಅದನ್ನು ಸಭಾಪಾಲಕರ ಕಡೆಗೆ ದಾಟಿಸಿದೆ. ಅವರು ನಕ್ಕು ಚಹಾ ಕುಡಿದರು.

ಆಮೇಲೆ ಎರಡನೇ ಸಾಲಿನ ಒಂದು ಹುಡುಗಿ ಎದ್ದಳು, ಫೈನಲ್ ಬಿ.ಕಾಂ.

"ಅಣ್ಣ, ಟಾರ್ಗೆಟ್ ಆಗದಿದ್ರೆ ತೆಗೀತಾರೆ. ಅಪ್ಪ ಇಲ್ಲ. ನಮ್ಮನೇಲಿ ನನ್ನ ಸಂಬಳವೇ ಬೇಕು. ಇಲ್ಲ ಅಂತ ಹೇಗೆ ಹೇಳುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇವರು ನೋಡಿಕೊಳ್ಳುತ್ತಾರೆ ಅನ್ನಬಹುದಿತ್ತು. 24 ಡಿಗ್ರಿ ಏಸಿಯಲ್ಲಿ ಕುಳಿತು ದುಡಿಯುವ ನಾನು ಅವಳಿಗೆ ಅದನ್ನು ಹೇಳಲಿಕ್ಕೆ ಬಾಯಿ ಬರಲಿಲ್ಲ.

ಹಿಂದಿನಿಂದ ನನ್ನ ತಂಗಿಯೇ ಮಾತಾಡಿದಳು. ಈಗ ಅವಳು ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತಾಳೆ. ಸಂಬಳ ಮುಂಚಿಗಿಂತ ಕಡಿಮೆ, ಸಂಜೆ ಸಿಎ ಇಂಟರ್‌ಗೆ ಓದುತ್ತಾಳೆ.

"ಮೊದಲ ಸಂಬಳದಿಂದಲೇ ಪೋಸ್ಟ್ ಆಫೀಸಲ್ಲಿ ಒಂದು ಆರ್‌ಡಿ ಮಾಡು. ಐನೂರಾದ್ರೂ ಪರವಾಗಿಲ್ಲ. ಮನೆಗೆ ಮೂರು ತಿಂಗಳಿಗೆ ಎಷ್ಟು ಬೇಕೋ ಅಷ್ಟು ಆಗುವ ತನಕ ಅದನ್ನು ಮುಟ್ಬೇಡ, ಮೊಬೈಲ್ ತಗೊಳ್ಬೇಡ. ನನ್ನ ಹತ್ರ ಆವತ್ತು ಎರಡೂವರೆ ಸಾವಿರ ಇತ್ತು, ಅದಕ್ಕೇ ಹೆದರಿದ್ದು. ಮತ್ತೆ, ಸುಳ್ಳು ಹೇಳ್ಲಿಕ್ಕೆ ಹೇಳಿದ್ರೆ, ಸರ್, ಇದನ್ನು ಮೇಲ್‌ನಲ್ಲಿ ಕಳಿಸ್ತೀರಾ, ಮರ್ತು ಹೋಗ್ತದೆ ಅನ್ನು. ಜಗಳ ಬೇಡ. ಯಾರೂ ಕಳಿಸುದಿಲ್ಲ. ಸುಮಾರು ಜನ ಅಲ್ಲಿಗೇ ಬಿಡ್ತಾರೆ."

"ಬಿಡದಿದ್ರೆ ಅಕ್ಕ?"

"ಬಿಡದಿದ್ರೆ ಮೂರು ತಿಂಗಳು ಉಂಟಲ್ಲ."

ಸಭೆ ಮುಗಿಯಿತು. ನಾನು ಮತ್ತು ಕಾರ್ಯದರ್ಶಿ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದೆವು. ಅವರಿಬ್ಬರು ಕಿಟಕಿಯ ಹತ್ತಿರ ಆರಾಧನೆಯ ಹಳೆಯ ಕಾಗದವೊಂದರ ಹಿಂಬದಿಯಲ್ಲಿ ಬರೆಯುತ್ತಿದ್ದರು. ಬಾಡಿಗೆ, ಕರೆಂಟು, ತಮ್ಮನ ಫೀಸು, ಅಮ್ಮನ ಶುಗರ್ ಮಾತ್ರೆ. "ಮಾತ್ರೆಗೆ ಎಷ್ಟು, ಸರಿಯಾಗಿ ಹೇಳು" ಅಂತ ತಂಗಿ ಕೇಳುತ್ತಿದ್ದಳು. ಹುಡುಗಿ ಫೋನ್ ತೆಗೆದು ಅಮ್ಮನಿಗೆ ಕರೆ ಮಾಡಿದಳು.