ಏಳನ್ನು ಎರಡರಿಂದ ಭಾಗಿಸಿದರೆ ಎಷ್ಟು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕ್ಲೋಸಿಂಗು, ಆಡಿಟ್ಟು, ಮೊಣಕಾಲು ನೋವು... ನೆಪಗಳಿಗೇನು ಬರ! ಇವತ್ತು ಬರೆಯುತ್ತಿರುವುದು ಬ್ಯಾಂಕಿನ ವಿಷಯವಲ್ಲ, ಮಗಳ ಕೆಲಸದ ವಿಷಯ. ಬಿ.ಕಾಂ. ಓದಿದವನಿಗೆ ಅರ್ಥವಾದಷ್ಟು ಹೇಳುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಿ.

2021ರ ಮಳೆಗಾಲ. ಕೊರೋನಾ ಕಾಲದ ವರ್ಕ್ ಫ್ರಂ ಹೋಮ್. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಡೊಂಬಿವಲಿಯ ನಮ್ಮ ಪುಟ್ಟ ಮನೆಯ ಹಾಲಿನಲ್ಲಿ ಲೈಟು ಉರಿಯುತ್ತಿದೆ. ಮಗಳು ಕಂಪ್ಯೂಟರ್ ಮುಂದೆ ತಲೆ ಹಿಡಿದು ಕೂತಿದ್ದಾಳೆ.

"ಪಪ್ಪಾ, ಏಳನ್ನು ಎರಡರಿಂದ ಭಾಗಿಸಿದ್ರೆ ಎಷ್ಟು?"

"ಮೂರೂವರೆ. ಯಾಕೆ, ನಿದ್ದೆಗೆಟ್ಟು ಮಗ್ಗಿ ಮರೆತೆಯಾ?"

"ಹಳೇ ಪೈಥಾನಲ್ಲಿ ಮೂರು, ಹೊಸದರಲ್ಲಿ ಮೂರೂವರೆ. ಅದಕ್ಕೇ ಇವತ್ತು ಬೈಸಿಕೊಂಡೆ."

ಮಗಳು ಇಲ್ಲಿನ ಉಪನಗರದ ಒಂದು ವಿಎಫ್‌ಎಕ್ಸ್ ಕಂಪನಿಯಲ್ಲಿದ್ದಾಳೆ. ಹೆಸರು ಬೇಡ. ಚಿತ್ರ ಬಿಡಿಸುವವಳಲ್ಲ, ಬಿಡಿಸುವವರ ಸಾಫ್ಟ್‌ವೇರುಗಳು ಒಂದಕ್ಕೊಂದು ಹೊಂದಿಕೊಂಡು ಓಡುವಂತೆ ನೋಡಿಕೊಳ್ಳುವವಳು. ಅವಳು ಹೊಸ ಪೈಥಾನಿಗೆ ಬದಲಾಯಿಸಿದ್ದ ನೂರಾರು ಸ್ಕ್ರಿಪ್ಟ್‌ಗಳ ಪೈಕಿ ಒಂದರಲ್ಲಿ ದೃಶ್ಯದ ನಡುವಿನ ಫ್ರೇಮ್ ಯಾವುದೆಂದು ಲೆಕ್ಕ ಹಾಕುವ ಸಾಲಿತ್ತು. ಹಳೆಯದು ಅರ್ಧವನ್ನು ಬಿಟ್ಟು ಮೂರು ಅನ್ನುತ್ತಿತ್ತು. ಹೊಸದು ಮೂರೂವರೆ ಅಂದಿತು, ಮುಂದೆ ಇನ್ನೆಲ್ಲೋ ಅದು ನಾಲ್ಕಾಯಿತು. ಸ್ಫೋಟ ಒಂದು ಫ್ರೇಮ್ ತಡವಾಗಿ ಆಯಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ನಮಗೆ ಕಾಣುವುದೂ ಇಲ್ಲ. ಆದರೆ ಇಡೀ ರಾತ್ರಿಯ ರೆಂಡರ್ ಕಸದ ಬುಟ್ಟಿಗೆ! ಪೈಸೆ ರೌಂಡಿಂಗ್ ತಾಳೆಯಾಗದೆ ಡೇ-ಎಂಡ್ ನಿಂತ ರಾತ್ರಿಗಳನ್ನು ಕಂಡ ನನಗೆ ಈ ಸಂಕಟ ತಕ್ಷಣ ಅರ್ಥವಾಯಿತು.

"ಹಳೆಯದೇ ಚೆನ್ನಾಗಿದ್ದರೆ ಬದಲಾಯಿಸುವುದು ಯಾಕೆ?" ಅಂದೆ. ಆಗ ಅವಳು ಒಂದು ಪಟ್ಟಿ ತೋರಿಸಿದಳು. ಅದರ ಹೆಸರು ವಿಎಫ್‌ಎಕ್ಸ್ ರೆಫರೆನ್ಸ್ ಪ್ಲಾಟ್‌ಫಾರ್ಮ್. ಅಮೆರಿಕದ ವಿಷುಯಲ್ ಎಫೆಕ್ಟ್ಸ್ ಸೊಸೈಟಿಯ ತಾಂತ್ರಿಕ ಸಮಿತಿಯ ಆಶ್ರಯದಲ್ಲಿ 2014ರಿಂದ ವರ್ಷಕ್ಕೊಂದು ಪಟ್ಟಿ ಬರುತ್ತದೆ. ಈ ವರ್ಷ ಪೈಥಾನ್ ಇಂಥ ಆವೃತ್ತಿ, ಕ್ಯೂಟಿ ಇಂಥದ್ದು, ಓಪನ್‌ಇಎಕ್ಸ್‌ಆರ್ ಇಂಥದ್ದು, ಕಂಪೈಲರ್ ಇಂಥದ್ದು. ಅಷ್ಟೇ. ಕಾನೂನಲ್ಲ, ಒಪ್ಪಂದ. ಮಾಯಾ, ನ್ಯೂಕ್, ಹೂಡಿನಿ ಮಾಡುವ ಕಂಪನಿಗಳೂ ಸ್ಟುಡಿಯೋಗಳೂ ಅದನ್ನು ನೋಡಿಕೊಂಡು ಹೆಜ್ಜೆ ಹಾಕುತ್ತವೆ.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ಸಂಘದ ಸ್ಮರಣ ಸಂಚಿಕೆ ನೆನಪಿಸಿಕೊಳ್ಳಿ. ಒಬ್ಬರು ನುಡಿಯಲ್ಲಿ, ಇನ್ನೊಬ್ಬರು ಬರಹದಲ್ಲಿ, ಮತ್ತೊಬ್ಬರು ಶ್ರೀಲಿಪಿಯಲ್ಲಿ ಲೇಖನ ಕಳಿಸಿ, ತೆರೆದರೆ ಬರೀ ಚಿತ್ತಾರ! ಯೂನಿಕೋಡ್ ಬಂದ ಮೇಲೆ ತಾನೇ ಉಸಿರಾಡಿದ್ದು? ಇವರದ್ದು ಇನ್ನೂ ಕಷ್ಟ. ಒಂದೇ ಸಾಫ್ಟ್‌ವೇರಿನೊಳಗೆ ಹತ್ತು ಕಡೆಯವರು ಬರೆದ ಪ್ಲಗಿನ್‌ಗಳು ಬಂದು ಕೂರುತ್ತವೆ. ಒಂದು ಪ್ಲಗಿನ್ ಹಳೆಯ ಲೈಬ್ರರಿಯನ್ನೂ ಇನ್ನೊಂದು ಅದೇ ಲೈಬ್ರರಿಯ ಹೊಸ ಆವೃತ್ತಿಯನ್ನೂ ಕೇಳಿದರೆ ಜಗಳ ಹತ್ತಿ ಎಲ್ಲವೂ ಬಂದ್. ಅದಕ್ಕೇ ಎಲ್ಲರಿಗೂ ಅತ್ಯುತ್ತಮವಾದದ್ದಕ್ಕಿಂತ ಎಲ್ಲರಿಗೂ ಒಂದೇ ಆದದ್ದು ಮೇಲು.

"ದಿನಕ್ಕೊಂದು ಹೊಸದು ಬರುವಾಗ ವರ್ಷಕ್ಕೊಂದು ಪಟ್ಟಿಗೆ ಕಾಯುವುದು ಹಿಂದುಳಿದಂತಲ್ಲವೇ?" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅಲ್ಲ ಸ್ವಾಮಿ. ಪೈಥಾನ್ 3 ಬಂದದ್ದು 2008ರಲ್ಲಿ. ಈ ಪಟ್ಟಿ ಅದಕ್ಕೆ ದಾಟಿದ್ದು 2020ರಲ್ಲಿ, ಆ ವರ್ಷದ ಮೊದಲ ದಿನವೇ ಪೈಥಾನ್ 2ಕ್ಕೆ ಬೆಂಬಲ ಮುಗಿಯಿತು. ಮೊದಲು 2019ಕ್ಕೇ ಅಂದುಕೊಂಡು, ಜನ ತಯಾರಿಲ್ಲವೆಂದು ಒಂದು ವರ್ಷ ಮುಂದೂಡಿದರು. ನ್ಯೂಕ್ 13, ಮಾಯಾ 2022 ಎಲ್ಲ ಹೊಸದಕ್ಕೆ ಬಂದದ್ದು 2021ರಲ್ಲಿ. ಮಾಯಾದವರು ಆ ಒಂದು ಆವೃತ್ತಿಯಲ್ಲಿ ಹಳೆಯದನ್ನೂ ಓಡಿಸಲು ಬಿಟ್ಟು, ಮುಂದಿನದರಲ್ಲಿ ಕೈಬಿಟ್ಟರು.

ಇದು ನಮ್ಮ ಲೋಕಲ್ ಟ್ರೇನಿನ ಕತೆಯೇ. 1925ರಿಂದ ಮುಂಬಯಿ ಲೋಕಲ್ ಓಡಿದ್ದು 1500 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ. ಅದನ್ನು 25,000 ವೋಲ್ಟ್ ಎಸಿಗೆ ಬದಲಿಸುವ ಕೆಲಸ ವೆಸ್ಟರ್ನ್‌ನಲ್ಲಿ 2012ಕ್ಕೆ, ಸೆಂಟ್ರಲ್ ಮುಖ್ಯ ಮಾರ್ಗದಲ್ಲಿ 2015ಕ್ಕೆ, ಹಾರ್ಬರ್‌ನಲ್ಲಿ 2016ಕ್ಕೆ ಮುಗಿಯಿತು. ನಡುವಿನ ವರ್ಷಗಳಲ್ಲಿ ಎರಡರಲ್ಲೂ ಓಡುವ ಗಾಡಿಗಳಿದ್ದವು. ಟ್ರೇನ್ ನಿಲ್ಲಿಸಿ ವಿದ್ಯುತ್ ಬದಲಿಸಲಿಲ್ಲ. ದಿನಾ ಲಕ್ಷಗಟ್ಟಲೆ ಜನ ಹತ್ತಿ ಇಳಿಯುತ್ತಿರುವಾಗಲೇ ಬದಲಿಸಿದರು. ಹಂತ ಗೊತ್ತುಮಾಡಿದ್ದರಿಂದ ಸಾಧ್ಯವಾಯಿತು.

ಹಾಗಾಗಿ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬೇರೆ. ದಾಟುವ ರಾತ್ರಿಯ ಕೂಲಿ ಯಾರ ಖಾತೆಗೆ ಡೆಬಿಟ್?

ನಮ್ಮ ಬ್ರಾಂಚ್ ಕೋರ್ ಬ್ಯಾಂಕಿಂಗ್‌ಗೆ ಹೋದ ಶನಿವಾರ ನನಗಿನ್ನೂ ನೆನಪಿದೆ. ದಿನಾಂಕ ಮೂರು ತಿಂಗಳ ಮೊದಲೇ ಸರ್ಕ್ಯುಲರಿನಲ್ಲಿ ಬಂದಿತ್ತು. ರಾತ್ರಿಯ ಊಟ, ಮನೆಗೆ ಟ್ಯಾಕ್ಸಿ, ಬದಲಿ ರಜೆ, ಎಲ್ಲವೂ ಅದರಲ್ಲಿ ಬರೆದಿತ್ತು. ಸೋಮವಾರ ಲೆಕ್ಕ ತಾಳೆಯಾಗದಿದ್ದರೆ ಒಬ್ಬ ಹುಡುಗನ ತಲೆಗೆ ಕಟ್ಟುವುದಿಲ್ಲ ಎಂಬ ಧೈರ್ಯವೂ ಇತ್ತು. ಇದು ಆಕಾಶದಿಂದ ಬಿದ್ದದ್ದಲ್ಲ. ಕಂಪ್ಯೂಟರ್ ಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿ, 1993ರಲ್ಲಿ ಐಬಿಎಯೂ ನೌಕರರ ಸಂಘಟನೆಗಳೂ ಕೂತು ಸಹಿ ಹಾಕಿದ ಒಪ್ಪಂದದ ಹಿನ್ನೆಲೆ ಅದಕ್ಕಿತ್ತು.

ಮಗಳಿಗೆ? ವಿಎಫ್‌ಎಕ್ಸ್‌ನಲ್ಲಿ ಸಾಮಾನ್ಯವಾಗಿ ಕೆಲಸ ಹಿಡಿಯುವುದು ಶಾಟ್‌ಗೆ ಇಷ್ಟು ಅಂತ. ಬಿಡ್‌ನಲ್ಲಿ ಕಲಾವಿದರ ದಿನಗಳ ಲೆಕ್ಕವಿರುತ್ತದೆ. ಹಳೆಯ ಸ್ಕ್ರಿಪ್ಟ್ ಹೊಸದಕ್ಕೆ ಬದಲಿಸುವ ದಿನಗಳನ್ನು ಅವಳ ಕಂಪನಿಯ ಬಿಡ್‌ನಲ್ಲಿ ಯಾರೂ ಬರೆದಿರಲಿಲ್ಲ. ಬರೆಯದ ದಿನಗಳು ಎಲ್ಲಿಂದ ಬರಬೇಕು? ರಾತ್ರಿಗಳಿಂದ! ಮೂರು ತಿಂಗಳು ಅವಳು ಬೆಳಕು ಕಂಡ ಮೇಲೆಯೇ ಮಲಗಿದ್ದು. ಕೊನೆಗೆ ವರ್ಷದ ಮೌಲ್ಯಮಾಪನದಲ್ಲಿ ಬಂದ ಷರಾ, 'ಒಂದು ರೆಂಡರ್ ಹಾಳು ಮಾಡಿದ್ದಾಳೆ'.

ಇದು ಒಮ್ಮೆಗೆ ಮುಗಿಯುವುದೂ ಅಲ್ಲ. ಅನೇಕ ಸ್ಟುಡಿಯೋಗಳು ನಂಬಿಕೊಂಡಿದ್ದ ಸೆಂಟ್‌ಓಎಸ್ 7 ಎಂಬ ಲಿನಕ್ಸ್ 2024ರ ಜೂನ್ 30ಕ್ಕೆ ಕೊನೆಯಾಯಿತು. ಅದಕ್ಕೂ ಮೊದಲೇ ಸೆಂಟ್‌ಓಎಸ್ 8ನ್ನು 2029ರವರೆಗೆ ಎಂದವರು 2021ರ ಕೊನೆಗೇ ನಿಲ್ಲಿಸಿದ್ದರು. ಮತ್ತೆ ರಾಕಿ, ಆಲ್ಮಾ ಎಂದು ವಲಸೆ. ವಲಸೆಯ ಖರ್ಚು ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ಲವೇ?

ಮುಂಬಯಿ ಈ ಉದ್ಯಮದಲ್ಲಿ ಮೂಲೆಯ ಊರಲ್ಲ. 1997ರಲ್ಲಿ ಇಲ್ಲಿ ಹುಟ್ಟಿದ ಪ್ರೈಮ್ ಫೋಕಸ್ 2014ರಲ್ಲಿ ಲಂಡನ್ನಿನ ಡಬಲ್ ನೆಗೆಟಿವ್ ಜೊತೆ ಸೇರಿತು. ಈಗ ಡಿಎನ್‌ಇಜಿ ಎನ್ನುವ ಆ ಸಂಸ್ಥೆಯ ಕೆಲಸಕ್ಕೆ ಮತ್ತೆ ಮತ್ತೆ ಆಸ್ಕರ್ ಬಂದಿದೆ. ಇಷ್ಟು ಕೆಲಸ ಮಾಡುವ ಊರಿನವರು ಪಟ್ಟಿಯನ್ನು ಹೆಡ್ಡಾಫೀಸಿನ ಸರ್ಕ್ಯುಲರಿನಂತೆ ತಲೆ ಬಗ್ಗಿಸಿ ಸ್ವೀಕರಿಸಬೇಕಾಗಿಲ್ಲ. ಅಂತಿಮಗೊಳಿಸುವ ಮೊದಲು ಅದರ ಕರಡನ್ನು ಎಲ್ಲರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ನಮ್ಮ ಅಂಧೇರಿ, ಗೋರೆಗಾಂವ್‌ಗಳ ಕಂಪನಿಗಳು 'ನಮಗೆ ದಾಟಲು ಇಷ್ಟು ತಿಂಗಳು ಬೇಕು' ಎಂದು ಬರೆಯಲಿ. ಇನ್ನೊಂದು, ಪ್ರತಿ ಬಿಡ್‌ನಲ್ಲೂ ಆವೃತ್ತಿ ಬದಲಾವಣೆಗೆ ಒಂದು ಸಾಲು ಇರಲಿ. ಚಿಕ್ಕದಾದರೂ ಸರಿ, ಇರಲಿ. ಖರ್ಚು ತೋರಿಸದ ಬ್ಯಾಲೆನ್ಸ್ ಶೀಟನ್ನು ನಾನು ಪಾಸು ಮಾಡುವುದಿಲ್ಲ, ಇದನ್ನೂ ಮಾಡಲಾರೆ.

ಮಗಳಿಗೆ ಇದನ್ನು ಓದಿ ಹೇಳಿದೆ. "ನಿಮ್ಮ ಬ್ಯಾಂಕಲ್ಲಿ ಎಲ್ಲ ಸರಿ ಇತ್ತಾ ಪಪ್ಪಾ?" ಅಂದಳು. ಎಲ್ಲ ಸರಿ ಇರಲಿಲ್ಲ. ಆದರೆ ಆ ಶನಿವಾರ ರಾತ್ರಿ ಬ್ಯಾಂಕಿನ ಟ್ಯಾಕ್ಸಿಯಲ್ಲಿ ಮನೆಗೆ ಬಂದಿದ್ದೆ, ಅದಂತೂ ನಿಜ.

ನಿಮ್ಮ ಮನೆಯಲ್ಲೂ ಹೀಗೆ ರಾತ್ರಿಯೆಲ್ಲ ಕೂರುವ ಮಕ್ಕಳಿದ್ದಾರಾ? ಅವರನ್ನು ಕೇಳಿ ನೋಡಿ, ಆ ರಾತ್ರಿ ಯಾವ ಲೆಕ್ಕದಲ್ಲಿದೆ ಅಂತ. ಉತ್ತರ ನನಗೂ ತಿಳಿಸಿ.