ಟಿಕೆಟ್ ಕ್ಲೋಸ್ ಆಗಿದೆ, ಕಂಪ್ಯೂಟರ್ ಆನ್ ಆಗಿಲ್ಲ

ನನ್ನ ಇನ್‌ಬಾಕ್ಸಿನಲ್ಲಿ ಒಂದು ಮೇಲ್ ಇದೆ. ‘ನಿಮ್ಮ ಸಮಸ್ಯೆಯನ್ನು ಬಗೆಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಆ ಮೇಲ್ ಬಂದ ಹೊತ್ತಿಗೆ ಸದರಿ ಕಂಪ್ಯೂಟರ್ ನಮ್ಮಪ್ಪನ ತೊಡೆ ಮೇಲೆ, ಹಳೇ ಕಂಬಳಿ ಸುತ್ತಿಕೊಂಡು, ದಾವಣಗೆರೆಯಿಂದ ವಾಪಸ್ ಬರೋ ಕೆಂಪು ಬಸ್ಸಲ್ಲಿ ಕೂತಿತ್ತು. ಆನ್ ಆಗ್ತಿರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನನ್ನ ತಂಗಿ ಹಿರೇಕೆರೂರು ಕಡೆಯ ನಮ್ಮೂರಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡ್ತಾಳೆ. ಲಗ್ನಪತ್ರಿಕೆ, ಪರೀಕ್ಷೆ ಪ್ರಶ್ನೆಪತ್ರಿಕೆ, ಸಂಘದ ವರದಿ, ಎಲ್ಲಾ ನುಡಿಯಲ್ಲಿ ಟೈಪ್ ಮಾಡಿ ಪ್ರಿಂಟ್ ಕೊಡೋದು ಅವಳ ದುಡಿಮೆ. ಅವಳಿಗೆ ಅಂತ ಆನ್‌ಲೈನಲ್ಲಿ ಒಂದು ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ತರಿಸಿಕೊಟ್ಟೆ. ‘ಮನೆ ಬಾಗಿಲಿಗೇ ಬಂದು ರಿಪೇರಿ’ ಅನ್ನೋ ಮೂರು ವರ್ಷದ ಆನ್‌ಸೈಟ್ ವಾರಂಟಿಗೆ ನಾಲ್ಕು ಸಾವಿರ ಹೆಚ್ಚಿಗೆ ಕಟ್ಟಿದೆ. ಹನ್ನೊಂದನೇ ತಿಂಗಳಿಗೆ, ಸರಿಯಾಗಿ ಮದುವೆ ಸೀಸನ್ನಿನಲ್ಲಿ, ಅದು ಕೈಕೊಟ್ಟಿತು. ಬಟನ್ ಒತ್ತಿದರೆ ಫ್ಯಾನ್ ಎರಡು ಸೆಕೆಂಡು ತಿರುಗಿ ನಿಲ್ಲುತ್ತೆ. ಪರದೆ ಮೇಲೆ ಏನೂ ಇಲ್ಲ.

ಫೋನ್ ಮಾಡಿದಳು. ಆ ಕಡೆಯ ಹುಡುಗ ಹೇಳಿದ್ದು: ‘ಮೇಡಂ, ವಿಂಡೋಸ್ ರೀಇನ್‌ಸ್ಟಾಲ್ ಮಾಡಿ.’ ಆನ್ ಆಗದ ಮೆಷಿನ್ನಿಗೆ! ಅದು ಆಗಲ್ಲ ಅಂದಾಗ, ‘ಹಾಗಾದ್ರೆ ಪಕ್ಕದ ಮುಚ್ಚಳ ಬಿಚ್ಚಿ, ರ್‍ಯಾಮ್ ತೆಗೆದು ಮತ್ತೆ ಹಾಕಿ’ ಅಂದ. ಅದನ್ನೂ ಮಾಡಿದಳು. ಪ್ರಯೋಜನ ಆಗಲಿಲ್ಲ. ಆಮೇಲೆ ಬಿಲ್ಲಿನ ಫೋಟೋ ಕೇಳಿದರು. ಎರಡು ದಿನ ಬಿಟ್ಟು ವಿಡಿಯೋ ಕೇಳಿದರು. ಮತ್ತೆ ಬಿಲ್ ಕೇಳಿದರು. ಹತ್ತನೇ ದಿನಕ್ಕೆ, ‘ನಿಮ್ಮ ಪಿನ್‌ಕೋಡ್ ಆನ್‌ಸೈಟ್ ವ್ಯಾಪ್ತಿಗೆ ಬರಲ್ಲ, ದಾವಣಗೆರೆಗೆ ತನ್ನಿ’ ಅಂದರು. ಅಪ್ಪ ಎರಡು ಬಸ್ ಬದಲಿಸಿ ಹೊತ್ತುಕೊಂಡು ಹೋದರು. ಅಲ್ಲಿನವನು ಮುಚ್ಚಳ ನೋಡಿ, ‘ಸೀಲ್ ಒಡೆದಿದೆ, ವಾರಂಟಿ ಇಲ್ಲ, ಮದರ್‌ಬೋರ್ಡ್ ಹೋಗಿದೆ, 14,800 ಆಗುತ್ತೆ’ ಅಂತ ಚೀಟಿ ಬರೆದುಕೊಟ್ಟ. ಬಿಚ್ಚಿ ಅಂದವರೂ ಅವರೇ, ಯಾಕೆ ಬಿಚ್ಚಿದ್ರಿ ಅಂದವರೂ ಅವರೇ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯ್ತು. ಇಲ್ಲಂತೂ ದೇವರೂ ಅವನೇ, ಪೂಜಾರಿಯೂ ಅವನೇ.

ಶನಿವಾರ ಮಲ್ಟಿಮೀಟರ್ ಹಿಡ್ಕೊಂಡು ಊರಿಗೆ ಹೋದೆ. ಬಿ.ಇ.ಯಲ್ಲಿ ಕಲಿತಿದ್ದು ಇಷ್ಟಾದರೂ ಉಪಯೋಗಕ್ಕೆ ಬರಲಿ ಅಂತ. ಪವರ್ ಸಪ್ಲೈನ 12 ವೋಲ್ಟ್ ಲೈನು ಶೇ. 5ರಷ್ಟು ಆಚೀಚೆ ಇರಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಇಲ್ಲಿ 10.6 ದಾಟಲಿಲ್ಲ. ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಎಸ್.ಪಿ. ರೋಡಿನ ಅಂಗಡಿಯಲ್ಲಿ ಆ ಡಬ್ಬ ತೋರಿಸಿದೆ. ‘ಸಾರ್, ಇದು ಅವರದ್ದೇ ಕನೆಕ್ಟರ್, ಮಾಮೂಲಿದು ಕೂರಲ್ಲ’ ಅಂದರು. ಯಾವ ಪವರ್ ಸಪ್ಲೈ ಆದರೂ ಯಾವ ಬೋರ್ಡಿಗಾದರೂ ಕೂರಲಿ ಅಂತ ಇಂಟೆಲ್ ಎಟಿಎಕ್ಸ್ ಅನ್ನೋ ಮಾದರಿ ತಂದಿದ್ದು 1995ರಲ್ಲಿ. ಬೇರೆ ಕಡೆ ರಿಪೇರಿ ಆಗದಂತೆ ಪ್ಲಗ್ಗಿನ ಆಕಾರವನ್ನೇ ಬದಲಿಸೋದು ಆಮೇಲಿನ ಬುದ್ಧಿವಂತಿಕೆ. ಒಂದು ಅಡಾಪ್ಟರ್ ಕೇಬಲ್, ಒಂದು ಹೊಸ ಪವರ್ ಸಪ್ಲೈ, ಎರಡೂ ಸೇರಿ ಮೂರು ಸಾವಿರದೊಳಗೆ ಮುಗೀತು. ಆದರೆ ಅಷ್ಟರಲ್ಲಿ 26 ದಿನ ಕಳೆದಿತ್ತು. ತಂಗಿಗೆ ಬರಬೇಕಿದ್ದ ಲಗ್ನಪತ್ರಿಕೆಗಳೆಲ್ಲ ಪೇಟೆಯ ಅಂಗಡಿಗೆ ಹೋಗಿದ್ದವು.

‘ಅಲ್ಲೋ ತಮ್ಮಾ, ನಮ್ಮೂರಾಗ ಪಂಪ್‌ಸೆಟ್ ಮೋಟಾರ್ ಸುಟ್ಟರ ರಿವೈಂಡಿಂಗ್ ಮಾಡಾಂವ ಸಂಜಿಗೆ ಕೊಡ್ತಾನ. ಇಷ್ಟು ದೊಡ್ಡ ಕಂಪನಿಯವರಿಗೆ ಯಾಕ ಆಗಂಗಿಲ್ಲ?’ ಅಂದರು ಅಪ್ಪ.

ಉತ್ತರ ನನಗೆ ಗೊತ್ತು, ಅದೇ ಕಷ್ಟ. ಯಾಕಂದ್ರೆ ಇಂಥ ಟಿಕೆಟಿಂಗ್ ಸಾಫ್ಟ್‌ವೇರ್ ಬರೆದು ಸಂಬಳ ತಗೊಂಡವನು ನಾನು. ಅದರಲ್ಲಿ ‘ಪೆಂಡಿಂಗ್ ಕಸ್ಟಮರ್’ ಅಂತ ಒಂದು ಸ್ಟೇಟಸ್ ಇರುತ್ತೆ. ಗ್ರಾಹಕನಿಂದ ಏನಾದರೂ ಕೇಳಿದ ತಕ್ಷಣ ಆ ಸ್ಟೇಟಸ್ ಹಾಕಿದರೆ ಎಸ್‌ಎಲ್‌ಎ ಗಡಿಯಾರ ನಿಂತುಬಿಡುತ್ತೆ. ಬಿಲ್ ಕೇಳು, ಗಡಿಯಾರ ನಿಲ್ಲುತ್ತೆ. ವಿಡಿಯೋ ಕೇಳು, ಮತ್ತೆ ನಿಲ್ಲುತ್ತೆ. 26 ದಿನ ನಮ್ಮ ಮನೆಯಲ್ಲಿ ಓಡಿದ ಗಡಿಯಾರ ಅವರ ಡ್ಯಾಶ್‌ಬೋರ್ಡಿನಲ್ಲಿ ಎರಡು ದಿನವೂ ಓಡಿರಲಿಕ್ಕಿಲ್ಲ. ಬಿಲ್ ಎರಡು ಸಲ ಕೇಳಿದ್ದು ಮರೆವಿನಿಂದ ಅಂತ ನಾನು ನಂಬಲ್ಲ.

ಫೋನಿನಲ್ಲಿರೋ ಹುಡುಗನನ್ನ ಬೈಯೋದು ಸುಲಭ. ಅವನೂ ಯಾವುದೋ ಹಳ್ಳಿಯಿಂದ ಬಂದು ಪಿಜಿಯಲ್ಲಿ ಇರೋನು. ಎದುರಿಗಿರೋ ಸ್ಕ್ರಿಪ್ಟ್ ಬಿಟ್ಟು ಮಾತಾಡಿದರೆ ಅವನ ಮಾರ್ಕ್ಸ್ ಹೋಗುತ್ತೆ. ಕಾಲ್ ಬೇಗ ಮುಗಿಸಿದರೆ ಮಾರ್ಕ್ಸ್ ಬರುತ್ತೆ. ಕಂಪ್ಯೂಟರ್ ರಿಪೇರಿ ಆಯ್ತಾ ಅಂತ ಅವನನ್ನ ಯಾರೂ ಅಳೆಯಲ್ಲ. ಸಿಟ್ಟು ಬರಬೇಕಾದ್ದು ಆ ಅಳತೆಗೋಲಿನ ಮೇಲೆ.

‘ಮನೆ ಕಂಪ್ಯೂಟರಲ್ಲಿ ಲಾಭ ಕಮ್ಮಿ, ಹಳ್ಳಿಹಳ್ಳಿಗೂ ಟೆಕ್ನಿಶಿಯನ್ ಕಳಿಸೋಕೆ ಆಗುತ್ತಾ?’ ಅಂತ ನನ್ನ ಟೀಮಿನವನೊಬ್ಬ ವಾದಿಸಿದ. ಆಗಲ್ಲ ಅಂದ್ರೆ ಮಾರಬೇಡಿ. ಡೆಲಿವರಿ ಕೊಡುವಾಗ ಅದೇ ಪಿನ್‌ಕೋಡ್ ಸರಿಯಾಗಿತ್ತು. ನಾಲ್ಕು ಸಾವಿರ ಕಟ್ಟಿಸಿಕೊಳ್ಳುವಾಗಲೂ ಸರಿಯಾಗಿತ್ತು. ರಿಪೇರಿ ಅಂದಾಗ ಮಾತ್ರ ನಮ್ಮೂರು ಭೂಪಟದಿಂದ ಮಾಯ! ಅದೇ ಕಂಪನಿಯ ನನ್ನ ಆಫೀಸ್ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಹೋದಾಗ ಮರುದಿನವೇ ಒಬ್ಬ ನನ್ನ ಡೆಸ್ಕಿಗೆ ಬಂದು, ಒಂದು ಗಂಟೆಯೊಳಗೆ ಹೊಸದು ಹಾಕಿಹೋದ. ಆಫೀಸಿನ ಕರಾರಿನಲ್ಲಿ ತಡವಾದರೆ ದಂಡ ಅಂತ ಬರೆದಿರುತ್ತೆ. ತಂಗಿಯ ವಾರಂಟಿ ಕಾರ್ಡಿನಲ್ಲಿ ಬರೆದಿಲ್ಲ. ವ್ಯತ್ಯಾಸ ಇಷ್ಟೇ.

ಆ ದಂಡ ನಮಗೆ ಸಿಗೋದು ಕಾನೂನಿನಿಂದ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಕಂಪನಿಯ ಆಫೀಸ್ ಎಲ್ಲೇ ಇರಲಿ, ನಾವು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನಾವೇನು ಮಾಡ್ತೀವಿ? ‘ಯಾರಪ್ಪ ಅಲೆಯೋದು, ಮೂರು ಸಾವಿರ ತಾನೇ’ ಅಂದುಕೊಂಡು ಕಾರ್ಡ್ ಉಜ್ಜುತ್ತೀವಿ. ನಾನೂ ಅದನ್ನೇ ಮಾಡಿದ್ದು. ನಮ್ಮ ಆ ಸೋಮಾರಿತನವನ್ನ ಲೆಕ್ಕ ಹಾಕಿಯೇ ಅವರು ಸಪೋರ್ಟ್ ಬಜೆಟ್ ಮಾಡೋದು. ಕಾರ್ಡ್ ಉಜ್ಜೋಕೆ ಆಗದವರು ಕಂಬಳಿ ಸುತ್ತಿಕೊಂಡು ಬಸ್ ಹತ್ತುತ್ತಾರೆ.

ಅದಕ್ಕೇ ಈ ಸಲ ಬಿಡ್ತಿಲ್ಲ. ಕಾಲ್ ಮಾಡಿದ ದಿನಾಂಕಗಳನ್ನೆಲ್ಲ ತಂಗಿ ಲಗ್ನಪತ್ರಿಕೆಯ ಆರ್ಡರ್ ಬುಕ್ಕಿನಲ್ಲೇ ಬರೆದಿಟ್ಟಿದ್ದಾಳೆ. 14,800ರ ಚೀಟಿ ಇದೆ, 10.6 ತೋರಿಸ್ತಿರೋ ಮೀಟರಿನ ಫೋಟೋ ಇದೆ, ‘ಬಗೆಹರಿಸಲಾಗಿದೆ’ ಅನ್ನೋ ಮೇಲ್ ಇದೆ. ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬೇಕಾದ ದೂರನ್ನ ಅವಳೇ ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡ್ತಿದ್ದಾಳೆ. ಸ್ಟಾರ್ ಕೊಡೋದು ಇನ್ನೂ ಬಾಕಿ ಇದೆ.