ಕಂಪ್ಯೂಟರ್ ಕೇಳುತ್ತದೆ: ನಿನಗೆಷ್ಟು ವರ್ಷ?

ಮಕ್ಕಳೇ, ಬಸ್ಸಿನಲ್ಲಿ ಕಂಡಕ್ಟರ್ ನಿಮ್ಮನ್ನು ನೋಡಿ "ಇವನಿಗೆ ಎಷ್ಟು ವರ್ಷ?" ಎಂದು ಕೇಳುತ್ತಾರಲ್ಲ, ಅರ್ಧ ಟಿಕೆಟ್ಟೋ ಪೂರ್ತಿ ಟಿಕೆಟ್ಟೋ ಎಂದು ತೀರ್ಮಾನಿಸಲು? ಅದೇ ಪ್ರಶ್ನೆಯನ್ನು ಇನ್ನು ಕಂಪ್ಯೂಟರ್ ಕೂಡ ಕೇಳಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರಲ್ಲಿ ಕಾನೂನು ಮಾಡಿದೆ. ಜಾರಿಗೆ ಗೊತ್ತುಮಾಡಿದ ದಿನ 2027ರ ಜನವರಿ 1.

ಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಹೊಸ ಫೋನನ್ನೋ ಕಂಪ್ಯೂಟರನ್ನೋ ಸಿದ್ಧಪಡಿಸುವಾಗ ಅದು ಬಳಸುವವರ ವಯಸ್ಸು ಕೇಳಬೇಕು. 13 ತುಂಬದವರು, 13ರಿಂದ 15, 16ರಿಂದ 17, 18 ತುಂಬಿದವರು ಎಂದು ನಾಲ್ಕು ಗುಂಪುಗಳಿವೆ. ನೀವು ಯಾವ ಗುಂಪಿನವರೆಂದು ಆಪ್‌ಗಳಿಗೆ ತಿಳಿಸಬೇಕು. ಗುರುತಿನ ಚೀಟಿ ಬೇಕಿಲ್ಲ. ಮನೆಯ ಹಿರಿಯರು ಹೇಳಿದರೆ ಸಾಕು. ಬೇಕೆಂದೇ ಕಾನೂನು ಮುರಿದ ಸಂಸ್ಥೆಗೆ ಒಂದೊಂದು ಮಗುವಿಗೂ 7,500 ಡಾಲರ್‌ವರೆಗೆ ದಂಡ.

ದೊಡ್ಡ ಕಂಪನಿಗಳು ಇದನ್ನು ಹೇಗೋ ನಿಭಾಯಿಸುತ್ತವೆ. ಪೇಚಾಟವಿರುವುದು ಲಿನಕ್ಸ್‌ನಂಥ ಮುಕ್ತ ತಂತ್ರಾಂಶಗಳಿಗೆ. ಅಂಗಡಿಯಲ್ಲಿ ಸಿಗುವ ಸಾರಿನ ಪುಡಿಯ ಪೊಟ್ಟಣದ ಮೇಲೆ "ಖಾರ ಜಾಸ್ತಿ, ಮಕ್ಕಳಿಗೆ ಬೇಡ" ಎಂದು ಅಚ್ಚು ಹಾಕಿಸಬಹುದು. ಆದರೆ ಅಜ್ಜಿಯಿಂದ ಅಮ್ಮ, ಅಮ್ಮನಿಂದ ಪಕ್ಕದ ಮನೆಯವರು ಕಲಿತ ಪುಡಿಗೆ ಅಚ್ಚು ಹಾಕುವವರು ಯಾರು? ಲಿನಕ್ಸ್ ಹಾಗೆಯೇ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಡೆಬಿಯನ್ ಎಂಬ ಲಿನಕ್ಸನ್ನು ಕಟ್ಟುತ್ತಿರುವವರು ಸ್ವಯಂಸೇವಕರು. ದಂಡದ ಚೀಟಿ ಯಾರ ಹೆಸರಿಗೆ? ಪ್ರಶ್ನೆ ಕೇಳುವ ಸಾಲನ್ನು ಸೇರಿಸಿದರೂ ಬಲ್ಲವರು ಅದನ್ನು ತೆಗೆದುಹಾಕಬಲ್ಲರು. ಇವತ್ತು ವಯಸ್ಸು ಕೇಳಿದವರು ನಾಳೆ ಗುರುತಿನ ಚೀಟಿ ಕೇಳಿದರೆ ಎಂಬ ಅಳುಕೂ ಹಲವರಿಗಿದೆ.

ಹಾಗೆಂದು ಕಾನೂನು ಬಯಸಿದವರನ್ನು ನಾನು ಹಳಿಯಲಾರೆ. ಮಕ್ಕಳ ಕೈಗೆ ಏನೇನೋ ಸಿಗುವ ಕಾಲ ಇದು. ನಮ್ಮ ದೇಶದಲ್ಲೂ 2023ರ ದತ್ತಾಂಶ ರಕ್ಷಣೆ ಕಾಯ್ದೆ, 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ವಯಸ್ಸು ಕೇಳಲಿ. ಆದರೆ ಕಲಿಯಲೆಂದು ತೆರೆದಿಟ್ಟ ಬಾಗಿಲಿಗೆ ಬೀಗ ಬೀಳಬಾರದು, ಸಂಬಳವಿಲ್ಲದೆ ದುಡಿಯುವವರ ತಲೆಗೆ ದಂಡ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಏಕೆ ಗೊತ್ತೇ? ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿಯೋ ಟೋರ್ನ್‌ಕ್ವಿಸ್ಟ್ ಎಂಬ ಅಜ್ಜ ಇದ್ದರು, ಸಂಖ್ಯಾಶಾಸ್ತ್ರದ ಪ್ರೊಫೆಸರ್. 1981ರ ಸುಮಾರಿಗೆ ಒಂದು ಪುಟ್ಟ ಕಂಪ್ಯೂಟರ್ ತಂದರು. ತಾವು ಬರೆದ ಪ್ರೋಗ್ರಾಮುಗಳನ್ನು ಮಗಳ ಮಗನ ಕೈಯಲ್ಲಿ ಟೈಪ್ ಮಾಡಿಸಿದರು. ಹುಡುಗನಿಗೆ ಆಗ ಹನ್ನೊಂದರ ಆಸುಪಾಸು. ಇಂದಿನ ಲೆಕ್ಕದಲ್ಲಿ "13 ತುಂಬದವರು". ಅವನೇ ಲಿನಸ್ ಟೊರ್ವಾಲ್ಡ್ಸ್. 1991ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಲಿನಕ್ಸ್ ಶುರುಮಾಡಿದ. ಇಂದು ಆಂಡ್ರಾಯ್ಡ್ ಫೋನುಗಳ ತಿರುಳಿನಲ್ಲಿರುವುದೂ ಅದೇ.

ಆ ಹುಡುಗನಿಗೆ ತೆರೆದ ಯಂತ್ರವೂ ಬೇಕಿತ್ತು, ಪಕ್ಕದಲ್ಲಿ ಅಜ್ಜನೂ ಬೇಕಿತ್ತು. ಕಾನೂನು ವಯಸ್ಸು ಕೇಳಬಲ್ಲದು, ಪಕ್ಕದಲ್ಲಿ ಕೂರಲಾರದು. ಅಜ್ಜಂದಿರೇ, ಅಜ್ಜಿಯರೇ, ಈ ಭಾನುವಾರ ಮೊಮ್ಮಕ್ಕಳ ಪಕ್ಕ ಕುಳಿತು "ಇದು ಹೇಗೆ ನಡೆಯುತ್ತದೆ, ತೋರಿಸು" ಎನ್ನಿ. ಮಕ್ಕಳೇ, ನಿಧಾನವಾಗಿ ತೋರಿಸಿ. ಅವಸರ ಬೇಡ.